ಬಸಿಗಾಲುವೆ ಜೊತೆ ಗೊಬ್ಬರಾನೂ ಹೋಗ್ತಿದೆ

ತೀರ್ಥಹಳ್ಳಿ, ಹೊಸನಗರ ಕಡೆ ಅಡಿಕೆ ತೋಟ ಮಾಡೋರಿಗೆ ಬಸಿಗಾಲುವೆ ಎಷ್ಟು ಮುಖ್ಯ ಅಂತ ಹೇಳ್ಬೇಕಿಲ್ಲ. ಬುಡದಲ್ಲಿ ನೀರು ನಿಂತ್ರೆ ಬೇರು ಕೊಳೆಯತ್ತೆ, ಅಣಬೆ ರೋಗಕ್ಕೂ ಅದೇ ದಾರಿ, ಅದಕ್ಕೇ ಮಳೆಗಾಲಕ್ಕೆ ಮೊದ್ಲು ಕಪ್ಪು, ಅಂದ್ರೆ ಮರದ ಸಾಲಿನ ಮಧ್ಯದ ಬಸಿಗಾಲುವೆ, ಚೊಕ್ಕ ಮಾಡೋದು ಹಿಂದಿನಿಂದ ಬಂದ ಕೆಲ್ಸ. ನನ್ನ ತಕರಾರು ಇರೋದು ಈಗ ನಾವು ತೆಗೆಸ್ತಿರೋ ಕಪ್ಪಿನ ಆಕಾರದ ಬಗ್ಗೆ. ಜೆಸಿಬಿ ತರಿಸಿ ಬದಿಯನ್ನ ನೆಟ್ಟಗೆ ಕಡಿಸಿ, ಹಳ್ಳದವರೆಗೂ ನೇರ ಗೆರೆ ಎಳೆದು, ಇದ್ದಬದ್ದ ಹುಲ್ಲನ್ನೆಲ್ಲ ಕೆರೆದು ಹಾಕ್ತೀವಿ, ಆಮೇಲೆ ಆರಿದ್ರಾ ಮಳೆ ಹಿಡೀತು ಅಂದ್ರೆ ನೀರು ಎಲ್ಲೂ ನಿಲ್ದೆ ಕೆಂಪಗೆ ನುಗ್ಗತ್ತೆ, ಬದಿ ಮಣ್ಣು ಹೆಂಟೆ ಹೆಂಟೆಯಾಗಿ ಕುಸೀತಾ ಇರತ್ತೆ.

ಆ ಕೆಂಪು ನೀರಲ್ಲಿ ಏನೇನು ಹೋಗತ್ತೆ ಅಂತ ಸ್ವಲ್ಪ ಲೆಕ್ಕ ಹಾಕಿ. ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಅಂತ ಶಿಫಾರಸು ಇದೆ. 9 ಅಡಿ ಅಂತರದಲ್ಲಿ ಎಕರೆಗೆ ಸುಮಾರು 540 ಮರ, ಅಂದ್ರೆ 54 ಕಿಲೋ ಸಾರಜನಕ, ಪೂರ್ತಿ ಯೂರಿಯಾದಲ್ಲೇ ಕೊಟ್ರೆ ಎರಡೂವರೆ ಚೀಲ. ಸಾರಜನಕ ನೈಟ್ರೇಟ್ ಆಗಿ ನೀರಲ್ಲಿ ಕರಗಿ ಹೋಗತ್ತೆ, ರಂಜಕ ಹೆಚ್ಚಾಗಿ ಮಣ್ಣಿನ ಕಣಕ್ಕೆ ಅಂಟ್ಕೊಂಡು ಹೋಗತ್ತೆ. ಎರಡಕ್ಕೂ ಮದ್ದು ಬೇರೆ ಬೇರೆ, ಆದ್ರೆ ಎರಡಕ್ಕೂ ನೀರಿನ ವೇಗ ಕಮ್ಮಿ ಆಗ್ಲೇಬೇಕು.

ಅಮೆರಿಕದ ಒಹಾಯೊ, ಇಂಡಿಯಾನಾ ಕಡೆ ಮೆಕ್ಕೆಜೋಳ, ಸೋಯಾ ಹೊಲಗಳಲ್ಲಿ ಎರಡು ಹಂತದ ಕಾಲುವೆ ಮಾಡ್ತಾರೆ. ಮಧ್ಯೆ ಸಣ್ಣ ಕಾಲುವೆ, ಅದರ ಎರಡೂ ಬದಿಗೆ ಸ್ವಲ್ಪ ಎತ್ತರದಲ್ಲಿ ಮೆಟ್ಟಿಲಿನ ಥರ ಅಗಲವಾದ ಜಾಗ, ಅದರ ತುಂಬ ಹುಲ್ಲು. ನೀರು ಕಮ್ಮಿ ಇದ್ದಾಗ ಮಧ್ಯದಲ್ಲೇ ಹರಿಯತ್ತೆ, ಜಾಸ್ತಿ ಬಂದಾಗ ಹುಲ್ಲಿನ ಮೇಲೆ ಹರಡಿಕೊಂಡು ನಿಧಾನ ಆಗತ್ತೆ, ಮಣ್ಣು ಅಲ್ಲೇ ಕೂರತ್ತೆ, ಒದ್ದೆ ಮಣ್ಣಲ್ಲಿರೋ ಬ್ಯಾಕ್ಟೀರಿಯಾ ನೈಟ್ರೇಟನ್ನ ಗಾಳಿಯಲ್ಲಿರೋ ಸಾರಜನಕವಾಗೇ ಬದಲಾಯಿಸಿ ಬಿಡತ್ತೆ. ಅವರು ಇಷ್ಟು ತಲೆ ಕೆಡಿಸ್ಕೊಂಡಿರೋದಕ್ಕೆ ಕಾರಣ ಇದೆ. ಅಲ್ಲಿನ ಈರಿ ಸರೋವರಕ್ಕೆ ಹೊಲಗಳಿಂದ ರಂಜಕ ಸೇರಿ ಪಾಚಿ ಎದ್ದು, 2014ರ ಆಗಸ್ಟಲ್ಲಿ ಅದರ ನೀರನ್ನೇ ಕುಡಿಯೋ ಟೊಲೆಡೊ ನಗರದೋರಿಗೆ ನಲ್ಲಿ ನೀರು ಕುಡೀಬೇಡಿ, ಕುದಿಸಿದ್ರೂ ವಿಷ ಹೋಗಲ್ಲ ಅಂತ ಹೇಳಬೇಕಾಯ್ತು. ನಮ್ಮ ತೀರ್ಥಹಳ್ಳಿ ಕಡೆ ಹಳ್ಳಗಳ ನೀರೂ ಹೆಚ್ಚಾಗಿ ತುಂಗೆಗೇ ಹೋಗೋದು, ಶಿವಮೊಗ್ಗ ಪೇಟೆ ಕುಡಿಯೋದೂ ತುಂಗೆ ನೀರನ್ನೇ.

ಇಳಿಜಾರಿನ ನಮ್ಮ ತೋಟದಲ್ಲಿ ಆ ಎರಡು ಹಂತದ ಕಾಲುವೇನ ಹಾಗ್‌ಹಾಗೇ ಮಾಡಕ್ಕೆ ಜಾಗ ಎಲ್ಲಿ? ಸಾಲಿನ ಮಧ್ಯದ ಕಪ್ಪನ್ನ ಮುಟ್ಟೋದು ಬೇಡ, ಅವೆಲ್ಲ ಬಂದು ಸೇರೋ ಕೆಳಗಿನ ದೊಡ್ಡ ಕಾಲುವೇಲಿ ಮಾಡ್ಬಹುದು. ಬದಿಯನ್ನ ಓರೆಯಾಗಿ ಕಡಿಸಿ, ಅಲ್ಲಿ ಲಾವಂಚ ನೆಡಿ, ಹುಲ್ಲು ಉದ್ದ ಆದ್ರೆ ಕತ್ತರಿಸಿ ದನಕ್ಕೆ ಹಾಕಿ, ಆದ್ರೆ ಬೇರು ಕೀಳಬೇಡಿ, ಕಳೆನಾಶಕ ಅಂತೂ ಬೇಡವೇ ಬೇಡ. ಕಪ್ಪು ಬಂದು ಸೇರೋ ಜಾಗದಲ್ಲಿ ಒಂದು ಗುಂಡಿ ತೆಗೆದ್ರೆ ಮಳೆಗಾಲ ಮುಗಿಯೋ ಹೊತ್ತಿಗೆ ಮೇಲೆ ನುಣ್ಣಗಿನ ಕೆಂಪು ಗೋಡು, ಅದರಡಿ ಕೊಳೆತ ದರಗು ಸೇರಿದ ಕರೀ ಮಣ್ಣು ತುಂಬಿರತ್ತೆ, ಸಲಿಕೇಲಿ ಎತ್ತಿದ್ರೆ ಹಿಟ್ಟಿನ ಥರ ಜಾರತ್ತೆ. ಅದನ್ನ ವಾಪಸ್ ಮರದ ಬುಡಕ್ಕೆ ಹಾಕಿ, ನಿಮ್ಮ ದುಡ್ಡು ಅದು. ಕಾಲುವೇಲಿ ಅಲ್ಲಲ್ಲಿ ಕಲ್ಲಿಟ್ಟು ತಡೆ ಕೊಡ್ಬಹುದು, ಆದ್ರೆ ಗೇಣಿಗಿಂತ ಎತ್ತರ ಬೇಡ, ನೀರು ಹಿಂದಕ್ಕೆ ಒತ್ತಿ ಬುಡಕ್ಕೆ ಬಂದ್ರೆ ಕಪ್ಪು ತೆಗೆದಿದ್ದಕ್ಕೆ ಅರ್ಥನೇ ಇಲ್ಲ.

ಹಾಂ, ಪುನರ್ವಸು, ಪುಷ್ಯ ಮಳೆ ಸುರೀತಿರುವಾಗ ಯೂರಿಯಾ ಎರಚಿದ್ರೆ ಎಂಥಾ ಕಾಲುವೇನೂ ಉಳಿಸಲ್ಲ.

ಇನ್ನೊಂದು, ಕೆಳಗಿನ ಕಾಲುವೆ ಒಬ್ಬರ ಜಾಗದಲ್ಲಿ ಮುಗಿಯಲ್ಲ. ಮೇಲಿನೋರು ನಿಧಾನ ಮಾಡಿ ಕೆಳಗಿನೋರು ನೆಟ್ಟಗೆ ಕಡಿಸಿದ್ರೆ ಅಲ್ಲಿ ಮತ್ತೆ ಕೊರೆಯತ್ತೆ. ಹಾಗಾಗಿ ಅಕ್ಕಪಕ್ಕದೋರು ಮಾತಾಡ್ಕೊಂಡು ಒಟ್ಟಿಗೇ ಜೆಸಿಬಿ ತರಿಸಿ, ಅದೂ ಏಪ್ರಿಲ್-ಮೇನಲ್ಲಿ ಅಲ್ಲ, ಡಿಸೆಂಬರ್ ಹೊತ್ತಿಗೆ, ಮಣ್ಣಲ್ಲಿ ಇನ್ನೂ ಹಸಿ ಇರುವಾಗ, ಲಾವಂಚ ಬೇರು ಬಿಡಕ್ಕೆ ಮಳೆಗೆ ಮೊದ್ಲು ನಾಕೈದು ತಿಂಗಳು ಸಿಗತ್ತೆ.