ಅಣ್ಣನಿಗೆ ತಮ್ಮ ಇಲ್ಲ

"ನಿಂಗೆ ಅಣ್ಣ ಇದ್ದಾನಾ?"

"ಇದ್ದಾನೆ."

"ನಿನ್ನ ಅಣ್ಣಂಗೆ ತಮ್ಮ ಇದ್ದಾನಾ?"

ಸ್ವಲ್ಪ ಹೊತ್ತು ಸೂರು ನೋಡಿದ. ಆಮೇಲೆ ಗಟ್ಟಿಯಾಗಿ ಹೇಳಿದ, "ಇಲ್ಲ ಟೀಚರ್. ಅವಂಗೆ ಯಾರೂ ಇಲ್ಲ."

ನಾಲ್ಕು ವರ್ಷ ದಾಟಿ ಎರಡು ತಿಂಗಳಾಗಿರುವ ಹುಡುಗ. ಇಲ್ಲಿ ಪುಟ್ಟು ಅಂತ ಕರೆಯುತ್ತೇನೆ. ಅವನ ಅಣ್ಣ ಪಕ್ಕದ ಶಾಲೆಯಲ್ಲಿ ಎರಡನೇ ಕ್ಲಾಸು. ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಾರೆ, ಒಂದೇ ಕಂಬಳಿಯೊಳಗೆ ಮಲಗುತ್ತಾರೆ. ಆದರೂ ಅಣ್ಣನಿಗೆ ತಮ್ಮ ಇಲ್ಲ.

ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ 17 ವರ್ಷದಿಂದ ನಾನು ಅಂಗನವಾಡಿ ಕಾರ್ಯಕರ್ತೆ. ಕೆಲಸಕ್ಕೆ ಸೇರಿ ಕೆಲವು ವರ್ಷಗಳಾದ ಮೇಲೆ ಅಂಚೆ ಮೂಲಕ ಪದವಿ ಓದಿದೆ. ಮನೋವಿಜ್ಞಾನದ ಪುಸ್ತಕದಲ್ಲಿ ಜೀನ್ ಪಿಯಾಜೆ ಸಿಕ್ಕಿದ್ದು ಆಗಲೇ. ಸ್ವಿಟ್ಜರ್ಲೆಂಡಿನವರು, 1896ರಲ್ಲಿ ಹುಟ್ಟಿದವರು. 1920ರ ದಶಕದಲ್ಲಿ ಜಿನೀವಾದ ಮಕ್ಕಳ ಜೊತೆ ಕೂತು ಮಾತಾಡಿ ಮಾತಾಡಿ ಬರೆದಿಟ್ಟುಕೊಂಡವರು. ನಿನ್ನ ಅಣ್ಣತಮ್ಮನಿಗೆ ಅಣ್ಣತಮ್ಮಂದಿರು ಇದ್ದಾರಾ ಅನ್ನುವ ಪ್ರಶ್ನೆ ಅವರದೇ. ಅಲ್ಲಿನ ಮಕ್ಕಳೂ ತಮ್ಮನ್ನು ಲೆಕ್ಕಕ್ಕೆ ಹಿಡಿಯಲು ಮರೆಯುತ್ತಿದ್ದರು.

ಕನ್ನಡದಲ್ಲಿ ಈ ಪ್ರಶ್ನೆ ಇನ್ನೂ ಕಷ್ಟ ಅಂತ ನನಗೆ ಅನಿಸುತ್ತದೆ. 'ಸಹೋದರ' ಅನ್ನುವುದು ಪುಸ್ತಕದ ಮಾತು, ಮನೆಯಲ್ಲಿ ಯಾರೂ ಆಡುವುದಿಲ್ಲ. ಮನೆಯಲ್ಲಿ ಇರುವುದು ಅಣ್ಣ, ತಮ್ಮ, ಅಕ್ಕ, ತಂಗಿ. ಆ ಕಡೆಯಿಂದ ತಿರುಗಿ ನೋಡಿದ ಕೂಡಲೇ ಪದವೇ ಬದಲಾಗುತ್ತದೆ. 'ಅಣ್ಣ' ಅಂದರೆ ಮಗುವಿಗೆ ಅದೊಂದು ಹೆಸರು, ಆ ಹುಡುಗನ ಮುಖಕ್ಕೇ ಅಂಟಿಕೊಂಡದ್ದು. ಅದು ಇಬ್ಬರ ನಡುವಿನ ನಂಟು, ಅದರ ಇನ್ನೊಂದು ತುದಿಯಲ್ಲಿ ತಾನೇ ನಿಂತಿದ್ದೇನೆ ಅನ್ನುವುದು ಹೊಳೆಯಬೇಕಾದರೆ ತನ್ನ ಜಾಗ ಬಿಟ್ಟು ಅಣ್ಣನ ಜಾಗಕ್ಕೆ ಹೋಗಿ ಅಲ್ಲಿಂದ ತನ್ನನ್ನೇ ನೋಡಿಕೊಳ್ಳಬೇಕು.

ಅದಕ್ಕೇ ಇರಬೇಕು, ನಮ್ಮ ಮನೆಗಳಲ್ಲಿ ದೊಡ್ಡವರೇ ಮಗುವಿನ ಜಾಗಕ್ಕೆ ಇಳಿದು ಬರುತ್ತಾರೆ. ನಾನು ನನ್ನ ಅತ್ತೆಯನ್ನು ಮಗಳ ಮುಂದೆ "ಅಜ್ಜಿ ಹತ್ರ ಕೊಡು" ಅನ್ನುತ್ತಿದ್ದೆ. ನನ್ನ ಅಪ್ಪ ಬಾಗಿಲಲ್ಲೇ ನಿಂತು "ಅಜ್ಜ ಬಂದ ನೋಡು" ಅಂತ ತನ್ನ ಬಗ್ಗೆಯೇ ಹೇಳಿಕೊಳ್ಳುತ್ತಿದ್ದರು. ಒಮ್ಮೆ ನಾನು ನನ್ನ ತಾಯಿಯನ್ನು "ಅಮ್ಮಾ" ಅಂತ ಕೂಗಿದ್ದಕ್ಕೆ ಮೂರು ವರ್ಷದ ಮಗಳಿಗೆ ಸಿಟ್ಟು ಬಂದಿತ್ತು. "ಅದು ಅಜ್ಜಿ! ಅಮ್ಮ ನೀನು!" ಅಂತ ನನ್ನ ಬಾಯಿಗೆ ಕೈ ಅಡ್ಡ ಇಟ್ಟಿದ್ದಳು.

ಪಠ್ಯದಲ್ಲಿ ಇದಕ್ಕೆ 'ಸ್ವಕೇಂದ್ರಿತ ಚಿಂತನೆ' ಅಂತ ಇತ್ತು. ಎರಡರಿಂದ ಸುಮಾರು ಏಳು ವರ್ಷದವರೆಗಿನ ಮಕ್ಕಳ ಯೋಚನೆಯ ಒಂದು ಲಕ್ಷಣ ಅಂತ ಪಿಯಾಜೆ ಹೇಳಿದ್ದು. ಆ 'ಸ್ವ' ಅನ್ನುವ ಅಕ್ಷರ ನೋಡಿದರೆ ನಮಗೆ ಥಟ್ಟನೆ ನೆನಪಾಗುವುದು 'ಸ್ವಾರ್ಥ'. ತಾಯಂದಿರ ಸಭೆಯಲ್ಲೂ ಅದೇ ಮಾತು. "ಇವ್ಳಿಗೆ ತಂದೇ ನಡೀಬೇಕು ಟೀಚರ್. ಈಗ್ಲೇ ಇಷ್ಟು ಸ್ವಾರ್ಥ, ಮುಂದೆ ಹೆಂಗೋ." ಸ್ವಾರ್ಥಿಗೆ ಇನ್ನೊಬ್ಬರ ಕಷ್ಟ ಕಾಣುತ್ತದೆ, ಕಂಡೂ ಬಿಡುತ್ತಾನೆ. ಮಗುವಿಗೆ ಇನ್ನೊಂದು ಕಡೆಯಿಂದ ಬೇರೆ ಥರ ಕಾಣುತ್ತದೆ ಅನ್ನುವುದೇ ಆ ಗಳಿಗೆಯಲ್ಲಿ ಹೊಳೆದಿರುವುದಿಲ್ಲ. ಈ ವ್ಯತ್ಯಾಸ ನನಗೆ ಮೊದಲೇ ಗೊತ್ತಿದ್ದಿದ್ದರೆ ಒಂದು ದಿನ ಹಾಗೆ ನಡೆದುಕೊಳ್ಳುತ್ತಿರಲಿಲ್ಲ.

ಮಗಳಿಗೆ ಆಗ ಎರಡೂವರೆ ವರ್ಷ. ನನಗೆ ತಲೆ ಸಿಡಿಯುತ್ತಿತ್ತು, ಹಣೆಗೆ ಬಟ್ಟೆ ಬಿಗಿದು ಕತ್ತಲಲ್ಲಿ ಮಲಗಿದ್ದೆ. ಅವಳ ಹತ್ತಿರ ನನ್ನ ಹಳೇ ನೂಲಿನ ಸೀರೆಯ ಒಂದು ತುಂಡಿತ್ತು. ಮೂಲೆ ಚೀಪುತ್ತಾ ಮಲಗಿದರೇ ಅವಳಿಗೆ ನಿದ್ದೆ. ಯಾರೂ ಮುಟ್ಟುವ ಹಾಗಿರಲಿಲ್ಲ, ಒಗೆಯುವುದಕ್ಕೂ ಕೊಡುತ್ತಿರಲಿಲ್ಲ. ಅವತ್ತು ಮಂಚ ಹತ್ತಿ ಬಂದು ಆ ತುಂಡಿನ ಒದ್ದೆ ಮೂಲೆಯನ್ನು ನನ್ನ ಬಾಯಿಗೆ ಒತ್ತಿದಳು. ಹಾಲು, ಜೊಲ್ಲಿನ ವಾಸನೆ. ನಾನು ಮುಖ ತಿರುಗಿಸಿದೆ. ಮತ್ತೆ ಒತ್ತಿದಳು. "ಹೋಗೇ ಆಚೆ" ಅಂತ ಬಟ್ಟೆ ಕಿತ್ತು ನೆಲಕ್ಕೆಸೆದೆ. ಅವಳು ಅಳಲಿಲ್ಲ. ಬಟ್ಟೆ ಎತ್ತಿಕೊಂಡು ಬಾಗಿಲ ಹತ್ತಿರ ನಿಂತಳು, ಬಹಳ ಹೊತ್ತು.

ತನ್ನ ನೋವು ಯಾವುದರಿಂದ ಹೋಗುತ್ತದೋ ಅಮ್ಮನ ನೋವೂ ಅದರಿಂದಲೇ ಹೋಗುತ್ತದೆ ಅಂದುಕೊಂಡಿದ್ದಳು. ತನ್ನ ಹತ್ತಿರ ಇದ್ದದ್ದರಲ್ಲೇ ದೊಡ್ಡದನ್ನು ಕೊಟ್ಟಿದ್ದಳು. ಇದೂ ಸ್ವಕೇಂದ್ರಿತ ಚಿಂತನೆಯೇ. ಪರೀಕ್ಷೆಗೆ ಓದುತ್ತಾ ಆ ಪುಟಕ್ಕೆ ಬಂದಾಗ ಪುಸ್ತಕ ಮುಚ್ಚಿಟ್ಟೆ. ಮಗಳು ಅಷ್ಟೊತ್ತಿಗೆ ನಾಲ್ಕನೇ ಕ್ಲಾಸಿನಲ್ಲಿದ್ದಳು, ಅವಳಿಗೆ ಅದು ನೆನಪಿರಲಿಲ್ಲ.

ಆದರೆ ಪಿಯಾಜೆ ಹೇಳಿದ್ದಷ್ಟಕ್ಕೇ ನಿಂತರೆ ಮಕ್ಕಳಿಗೆ ಅನ್ಯಾಯವಾಗುತ್ತದೆ. ಅವರ ಹೆಸರಾಂತ ಪ್ರಯೋಗದಲ್ಲಿ ಮೇಜಿನ ಮೇಲೆ ಮೂರು ಬೆಟ್ಟಗಳ ಮಾದರಿ: ಒಂದರ ತುದಿಯಲ್ಲಿ ಹಿಮ, ಒಂದರ ಮೇಲೆ ಪುಟ್ಟ ಮನೆ, ಇನ್ನೊಂದರ ಮೇಲೆ ಶಿಲುಬೆ. ಎದುರು ಬದಿಯಲ್ಲಿರುವ ಗೊಂಬೆಗೆ ಏನು ಕಾಣುತ್ತದೆ ಅಂತ ಕೇಳಿದರೆ ಚಿಕ್ಕ ಮಕ್ಕಳು ತಮಗೆ ಕಾಣುವ ಚಿತ್ರವನ್ನೇ ಎತ್ತಿ ತೋರಿಸುತ್ತಿದ್ದರು. 1975ರಲ್ಲಿ ಎಡಿನ್‌ಬರೋದಲ್ಲಿ ಮಾರ್ಟಿನ್ ಹ್ಯೂಸ್ ಎಂಬವರು ಅದನ್ನೇ ಬೇರೆ ಥರ ಕೇಳಿದರು. ಒಂದಕ್ಕೊಂದು ಅಡ್ಡ ಹಾಯುವ ಎರಡು ಗೋಡೆ, ಇಬ್ಬರು ಪೊಲೀಸ್ ಗೊಂಬೆಗಳು, ಒಬ್ಬ ಹುಡುಗ. ಪೊಲೀಸರ ಕಣ್ಣಿಗೆ ಬೀಳದ ಹಾಗೆ ಹುಡುಗನನ್ನು ಬಚ್ಚಿಡಬೇಕು. ಮೂರೂವರೆಯಿಂದ ಐದು ವರ್ಷದ 30 ಮಕ್ಕಳು, ಶೇ. 90ರಷ್ಟು ಉತ್ತರ ಸರಿ!

ಇದನ್ನು ಓದಿದವಳು ನಮ್ಮ ಕೇಂದ್ರದಲ್ಲೂ ಮಾಡಿ ನೋಡಿದೆ. ಆಟದ ಮರದ ತುಂಡುಗಳಿಂದ ಗೋಡೆ, ಎರಡು ಬಾಟಲಿ ಮುಚ್ಚಳ, ಹುಡುಗನಿಗೆ ಒಂದು ಚಾಕ್‌ಪೀಸು. ಪೊಲೀಸರು ಬೇಡ, ಮುಚ್ಚಳಗಳು ಮಾವಿನ ಮರ ಕಾಯುವ ಅಜ್ಜಂದಿರು ಅಂದೆ. "ಕಾಯಿ ಕದ್ದವನು ಎಲ್ಲಿ ಅಡಗಿದ್ರೆ ಇಬ್ರಿಗೂ ಕಾಣಲ್ಲ?" ಪುಟ್ಟು ಬಗ್ಗಿ ಕೆನ್ನೆಯನ್ನು ನೆಲಕ್ಕೆ ತಾಗಿಸಿದ. ಒಂದು ಮುಚ್ಚಳದ ಹಿಂದಿನಿಂದ ನೋಡಿದ, ತೆವಳಿಕೊಂಡು ಹೋಗಿ ಇನ್ನೊಂದರ ಹಿಂದಿನಿಂದ ನೋಡಿದ. ಚಾಕ್‌ಪೀಸನ್ನು ಸರಿಯಾದ ಮೂಲೆಯಲ್ಲೇ ಇಟ್ಟ. "ಇಲ್ಲಿ ಅಜ್ಜಂಗೆ ಕಾಣಲ್ಲ."

ಹಿಮದ ಬೆಟ್ಟ ಮಗುವಿಗೆ ಸಂಬಂಧವಿಲ್ಲದ ಲೆಕ್ಕ. ಅಡಗಿಕೊಳ್ಳುವುದು, ಬೈಸಿಕೊಳ್ಳದೆ ಪಾರಾಗುವುದು ಅದರ ದಿನದಿನದ ಬದುಕು. ಕಾರಣ ಗೊತ್ತಿರುವ ಕಡೆ ಮಗು ಇನ್ನೊಬ್ಬರ ಕಣ್ಣಿಗೆ ಹೋಗಿ ಬರುತ್ತದೆ. ಎರಡು ಪ್ರಶ್ನೆಗಳೂ ಒಂದೇ ಅಲ್ಲ ಅನ್ನುವುದೂ ನಿಜ. ಅವನಿಗೆ ಕಾಣುತ್ತದೋ ಇಲ್ಲವೋ ಅನ್ನುವುದು ಮೊದಲು ಬರುತ್ತದೆ, ಅವನಿಗೆ ಅದು ಹೇಗೆ ಕಾಣುತ್ತದೆ ಅನ್ನುವುದು ಆಮೇಲೆ.

ನಮ್ಮ ಕೆಲಸದಲ್ಲಿ ಇದು ಸಣ್ಣ ಸಣ್ಣ ಕಡೆ ಬರುತ್ತದೆ. ಅಭಿನಯ ಗೀತೆ ಹೇಳಿಕೊಡುವಾಗ ಮಕ್ಕಳಿಗೆ ಎದುರಾಗಿ ನಿಂತು ನಾನು "ಬಲಗೈ ಮೇಲೆ" ಅಂತ ನನ್ನ ಬಲಗೈ ಎತ್ತಿದರೆ ಅವರೆಲ್ಲ ಎಡಗೈ ಎತ್ತುತ್ತಾರೆ. ಸುಮ್ಮನೆ ನಾನೇ ಎಡಗೈ ಎತ್ತಿ "ಬಲಗೈ" ಅನ್ನುತ್ತೇನೆ. "ಅವಳಿಗೆ ಹೊಡೆದ್ರೆ ನೋವಾಗಲ್ವಾ?" ಅಂತ ಗದರಿಸುವುದನ್ನು ಬಿಟ್ಟಿದ್ದೇನೆ. ಇಬ್ಬರನ್ನೂ ಕೂರಿಸಿ "ಅವಳ ಮುಖ ನೋಡು, ಕಣ್ಣಲ್ಲಿ ಏನಿದೆ?" ಅಂತ ಕೇಳುತ್ತೇನೆ. ಸಮಯ ಹಿಡಿಯುತ್ತದೆ, ಕೆಲವು ದಿನ ಒಲೆಯ ಮೇಲಿನ ಅನ್ನ ತಳ ಹಿಡಿಯುತ್ತದೆ. ಆದರೂ ಮಾಡುತ್ತೇನೆ.

ಹೋದ ವಾರ ಪುಟ್ಟುವಿಗೆ ಅದೇ ಪ್ರಶ್ನೆ ಮತ್ತೆ ಕೇಳಿದೆ. ಅಣ್ಣಂಗೆ ತಮ್ಮ ಇದ್ದಾನಾ? "ಇಲ್ಲ," ಅಂದ, ನನಗೆ ಎಷ್ಟು ಸಲ ಹೇಳಬೇಕು ಅನ್ನುವ ಹಾಗೆ. ನಾನು ತಿದ್ದಲಿಲ್ಲ. ಚಿಕ್ಕಿ ಹಂಚಿದೆ. ಅರ್ಧ ತಿಂದು ಉಳಿದರ್ಧವನ್ನು ಚಡ್ಡಿ ಜೇಬಿಗೆ ಹಾಕಿ ಮೇಲಿಂದ ಅಂಗೈ ಒತ್ತಿಕೊಂಡ. ಕೊಟ್ಟ ದಿನವೆಲ್ಲ ಹೀಗೇ ಮಾಡುತ್ತಾನೆ.

"ಯಾರಿಗೋ ಅದು?"

"ಅಣ್ಣಂಗೆ."