ಸಂಬಳಕ್ಕೆ ಮೊದಲು ಗೋಡೆಗೆ ಅಂಟಿಸುವ ಪಟ್ಟಿ

ಡಿಸೆಂಬರ್ 12, 2024, ಗುರುವಾರ

ಕೋಲಾರ ಜಿಲ್ಲೆಯ ನರಸಾಪುರದಲ್ಲಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಬಳದ ತಕರಾರಿನಿಂದ ಕಾರ್ಮಿಕರು ನಡೆಸಿದ ದಾಂಧಲೆಗೆ ಇಂದಿಗೆ ನಾಲ್ಕು ವರ್ಷ ತುಂಬಿತು. 2020ರ ಡಿಸೆಂಬರ್ 12ರ ಬೆಳಿಗ್ಗೆ, ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ, ಐಫೋನ್ ಜೋಡಿಸುವ ಆ ಘಟಕದ ಗಾಜು, ಪೀಠೋಪಕರಣ, ವಾಹನಗಳು ಪುಡಿಯಾದುದನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿದೆವು. ಅದನ್ನು ಯಾರು ಪ್ರಚೋದಿಸಿದರು ಎಂಬ ಚರ್ಚೆ ಹಲವು ದಿನ ನಡೆಯಿತು. ಕಾರ್ಖಾನೆಯೊಂದರಲ್ಲಿ ಪಾಳಿಯ ಉಸ್ತುವಾರಿ ನೋಡಿಕೊಳ್ಳುವ ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಅದಕ್ಕೂ ಎರಡು ತಿಂಗಳು ಮೊದಲು ಕೈಗೆ ಬಂದ ಸಂಬಳ ಕಡಿಮೆಯಿದ್ದಾಗ ಕಾರ್ಮಿಕರು ಯಾರನ್ನು ಕೇಳಬೇಕಿತ್ತು, ಮತ್ತು ಹಾಗೆ ಕೇಳಿಸಿಕೊಂಡವರಿಗೆ ಅದನ್ನು ಸರಿಪಡಿಸುವ ಅಧಿಕಾರವಿತ್ತೇ?

ರಾಜ್ಯದ ಕಾರ್ಖಾನೆಗಳ ಇಲಾಖೆಯ ಪ್ರಾಥಮಿಕ ವರದಿಯಲ್ಲಿ ಉತ್ತರದ ಸುಳಿವಿದೆ. ಅಲ್ಲಿನ ಸಿಬ್ಬಂದಿಯ ಸಂಖ್ಯೆ ಅಲ್ಪಾವಧಿಯಲ್ಲಿ 5,000ದಿಂದ 10,500ಕ್ಕೆ ಏರಿತ್ತು. ಎಂಟು ಗಂಟೆಯ ಪಾಳಿಯನ್ನು ಹನ್ನೆರಡು ಗಂಟೆಗೆ ಬದಲಿಸಲಾಗಿತ್ತು. ಹಾಜರಾತಿಯ ವ್ಯವಸ್ಥೆ ಕೆಟ್ಟಿದ್ದರೂ ದುರಸ್ತಿಯಾಗಿರಲಿಲ್ಲ. ಕಾರ್ಮಿಕ ಕಾನೂನು ಬಲ್ಲವರು ಮಾನವ ಸಂಪನ್ಮೂಲ ವಿಭಾಗದಲ್ಲಿ ಸಾಕಷ್ಟು ಇರಲಿಲ್ಲ. ಬಹುಪಾಲು ಜನ ಹಲವು ಗುತ್ತಿಗೆ ಸಂಸ್ಥೆಗಳ ಮೂಲಕ ಬಂದವರು. ಸಂಬಳದ ಲೆಕ್ಕ ಕೇಳಿದರೆ ‘ನೀವು ಕಾಂಟ್ರಾಕ್ಟರ್ ಕಡೆಯವರು, ಅವರನ್ನೇ ಕೇಳಿ’ ಎನ್ನುವ ರೂಢಿ ನಮ್ಮ ಕೈಗಾರಿಕಾ ಪ್ರದೇಶಗಳಲ್ಲಿ ಎಷ್ಟು ಸಾಮಾನ್ಯವೆಂಬುದನ್ನು ಬಲ್ಲವರಿಗೆ ಮುಂದಿನದನ್ನು ಊಹಿಸುವುದು ಕಷ್ಟವಲ್ಲ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ, ಅಂದರೆ ಕೆಲಸ ಮಾಡಿಸಿಕೊಳ್ಳುವ ಕಂಪನಿಯೇ, ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಹೇಳುತ್ತಿತ್ತಾದರೂ, ಪಾಳಿಯ ಮೇಲ್ವಿಚಾರಕರಲ್ಲಿ ಹೆಚ್ಚಿನವರಿಗೆ ಅದನ್ನು ಯಾರೂ ತಿಳಿಸಿರುತ್ತಿರಲಿಲ್ಲ.

ಘಟನೆಯ ನಂತರ ಕಂಪನಿ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ಹುದ್ದೆಯಿಂದ ತೆಗೆಯಿತು, ಕನ್ನಡ, ತೆಲುಗು, ತಮಿಳು, ಹಿಂದಿ, ಇಂಗ್ಲಿಷ್‌ಗಳಲ್ಲಿ ದೂರು ಕೇಳುವ ಇಪ್ಪತ್ನಾಲ್ಕು ಗಂಟೆಯ ಸಹಾಯವಾಣಿ ಆರಂಭಿಸಿತು. ಕೋಟ್ಯಂತರ ರೂಪಾಯಿ ನಷ್ಟವಾದ ಮೇಲೆ ಬಂದ ಈ ಸಹಾಯವಾಣಿಯನ್ನು ಸಂಬಳ ಕಡಿಮೆ ಬಂದ ಅಕ್ಟೋಬರಿನಲ್ಲೇ ಆರಂಭಿಸಿದ್ದರೆ ಎಷ್ಟು ಖರ್ಚಾಗುತ್ತಿತ್ತು ಎಂದು ನಾನು ಆಗಾಗ ಲೆಕ್ಕ ಹಾಕುವುದುಂಟು.

ನಮ್ಮಲ್ಲಿ ಹಿಂದೆ ಇದ್ದ ವ್ಯವಸ್ಥಾಪಕರೊಬ್ಬರು, ಈಗ ನಿವೃತ್ತರು, ಭಾಷಣ ಮಾಡಿದ್ದನ್ನು ನಾನು ಕಂಡಿಲ್ಲ. ಆದರೆ ತಿಂಗಳ ಹಾಜರಾತಿ ಮುಗಿದ ಕೂಡಲೇ, ಸಂಬಳದ ಲೆಕ್ಕ ಹಾಕುವ ಮೊದಲು, ಪ್ರತಿಯೊಬ್ಬರ ದುಡಿದ ಗಂಟೆ ಮತ್ತು ಓವರ್‌ಟೈಮಿನ ಪಟ್ಟಿಯನ್ನು ಅವರು ಲೈನಿನ ಪಕ್ಕದ ಗೋಡೆಗೆ ಅಂಟಿಸುವಂತೆ ಮಾಡಿದರು. ಗುತ್ತಿಗೆಯವರ ಹೆಸರೂ ಅದೇ ಪಟ್ಟಿಯಲ್ಲಿ ಇರಬೇಕೆಂದು ಹಟ ಹಿಡಿದವರೂ ಅವರೇ. ಗಂಟೆಯ ಬಗೆಗಿನ ತಕರಾರು ಗಂಟೆಯ ಹಂತದಲ್ಲೇ ಇತ್ಯರ್ಥವಾಗುತ್ತಿತ್ತು, ಅದು ಹಣದ ಜಗಳವಾಗಿ ಮನೆಬಾಡಿಗೆಯವರೆಗೆ ಬೆಳೆಯುತ್ತಿರಲಿಲ್ಲ. ಓವರ್‌ಟೈಮಿಗೆ ದುಪ್ಪಟ್ಟು ಕೂಲಿ ಕೊಡಬೇಕೆನ್ನುವುದು ಕಾರ್ಖಾನೆಗಳ ಕಾಯ್ದೆಯ ನಿಯಮವಾಗಿದ್ದರಿಂದ, ಅಲ್ಲಿ ಒಂದು ಗಂಟೆ ತಪ್ಪಿದರೆ ಎರಡು ಗಂಟೆಯ ಹಣ ತಪ್ಪುತ್ತಿತ್ತು.

ಒಮ್ಮೆ ಪಾಳಿಯ ವೇಳೆ ಬದಲಿಸಬೇಕಾಗಿ ಬಂತು. ಕೈಗಾರಿಕಾ ವಿವಾದಗಳ ಕಾಯ್ದೆಯ 9ಎ ಕಲಮಿನಂತೆ ಇಂಥ ಬದಲಾವಣೆಗೆ ಇಪ್ಪತ್ತೊಂದು ದಿನಗಳ ನೋಟಿಸು ಬೇಕಿತ್ತು. ಅನೇಕ ಕಡೆ ಅದು ಫಲಕಕ್ಕೆ ಅಂಟಿಸಿದ ಕಾಗದವಾಗಿಯೇ ಉಳಿಯುತ್ತದೆ. ಅವರು ಆ ದಿನಗಳನ್ನು ಕೇಳುವುದಕ್ಕೆ ಬಳಸಿದರು. ಪ್ಯಾಕಿಂಗ್ ವಿಭಾಗದ ಹೆಂಗಸರು ‘ಸರ್, ಆ ಹೊತ್ತಿಗೆ ಬಿಟ್ಟರೆ ನಮ್ಮೂರಿನ ಕಡೇ ಬಸ್ಸು ಸಿಗುವುದಿಲ್ಲ’ ಎಂದಾಗ ಪಾಳಿಯನ್ನು ಅರ್ಧ ಗಂಟೆ ಬೇಗನೆ ಆರಂಭಿಸಿ ಬೇಗನೆ ಬಿಡುವಂತೆ ಮಾಡಿದರು. ಉತ್ಪಾದನೆಗೆ ಅದರಿಂದ ಏನೂ ಕೊರತೆಯಾಗಲಿಲ್ಲ. ಕೇಳದೇ ಹೋಗಿದ್ದರೆ ಗೈರುಹಾಜರಿ, ಮೆಮೊ, ಮೆಮೊಗೆ ಪ್ರತಿಭಟನೆ ಎಂದು ಇದೇ ವಿಷಯ ಕಾರ್ಮಿಕ ಅಧಿಕಾರಿಯ ಕಚೇರಿ ಮುಟ್ಟುತ್ತಿತ್ತೆಂಬುದರಲ್ಲಿ ನನಗೆ ಅನುಮಾನವಿಲ್ಲ.

ಅವರ ಕಾಲದಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲವೆಂದಲ್ಲ, ಬೋನಸ್ಸಿನ ಮಾತುಕತೆಯಲ್ಲಿ ಯೂನಿಯನ್ನಿನವರು ಮೇಜು ಗುದ್ದಿಯೇ ಮಾತನಾಡುತ್ತಿದ್ದರು. ಅದನ್ನು ಅವರು ಅಶಿಸ್ತೆಂದು ಬರೆದುಕೊಳ್ಳಲಿಲ್ಲ. ನೂರು ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ರಚಿಸಬಹುದಾದ, ಆಡಳಿತದವರೂ ಕಾರ್ಮಿಕರ ಪ್ರತಿನಿಧಿಗಳೂ ಇರುವ ಕಾರ್ಯ ಸಮಿತಿ ಎಷ್ಟೋ ಕಾರ್ಖಾನೆಗಳಲ್ಲಿ ಕ್ಯಾಂಟೀನಿನ ಸಾರಿನ ರುಚಿಯನ್ನಷ್ಟೇ ಚರ್ಚಿಸುತ್ತದೆ (ಸಾರಿನ ವಿಷಯವೂ ಸಣ್ಣದಲ್ಲ, ಅದು ಬೇರೆ ಮಾತು). ನಮ್ಮ ಸಮಿತಿಯಲ್ಲಿ ಪ್ರತಿ ದೂರಿನ ಮುಂದೆಯೂ ಅದಕ್ಕೆ ಉತ್ತರ ಕೊಡಬೇಕಾದವರ ಹೆಸರು ಮತ್ತು ತಾರೀಖು ಇರುತ್ತಿತ್ತು, ಉತ್ತರ ‘ಆಗುವುದಿಲ್ಲ’ ಎಂದಿದ್ದರೂ ಕಾರಣ ಬರೆಯಲೇಬೇಕಿತ್ತು.

ಈಗ ಮೊಬೈಲ್ ಆ್ಯಪ್‌ನಲ್ಲಿ ಹಾಜರಾತಿ ಸಿಗುವುದರಿಂದ ಗೋಡೆಯ ಪಟ್ಟಿ ನಿಲ್ಲಿಸಬೇಕೆಂಬ ಪ್ರಸ್ತಾಪ ಬಂದಿದೆ. ಆ್ಯಪ್‌ನಲ್ಲಿ ಕಂಪನಿಯ ಕಾಯಂ ನೌಕರರ ಲೆಕ್ಕ ಮಾತ್ರ ಕಾಣುತ್ತದೆ, ಗುತ್ತಿಗೆಯವರದು ಕಾಣುವುದಿಲ್ಲ. ಅವರ ಹೆಸರು ಆ್ಯಪ್‌ಗೆ ಸೇರುವವರೆಗೆ ಪಟ್ಟಿ ಮುಂದುವರಿಯಲಿ ಎಂದು ಇಂದು ಸಂಜೆ ಟಿಪ್ಪಣಿ ಬರೆದು ಕಳುಹಿಸಿದ್ದೇನೆ. ಶನಿವಾರದ ಸಭೆಯಲ್ಲಿ ಅದು ಚರ್ಚೆಗೆ ಬರಲಿದೆ.