ಮುದ್ದೇನಹಳ್ಳಿ ಫೋಟೋಗಳು

ನಂದಿ ಬೆಟ್ಟದ ಮಂಜು ಹಿಡಿಯೋಕೆ ಎಲ್ಲರೂ ಓಡುತ್ತಾರೆ, ಬುಡದಲ್ಲೇ ಇರುವ ಮುದ್ದೇನಹಳ್ಳಿಗೆ ಇಳಿಯುವವರು ಕಮ್ಮಿ. ಇವತ್ತು ನಾನು ಕ್ಯಾಮೆರಾ ಹಿಡಿದು ಅಲ್ಲೇ ಸುತ್ತಿದೆ. ಸರ್ ಎಂ.ವಿ. ಹುಟ್ಟಿದ ಮನೆ ಈಗ ಮ್ಯೂಸಿಯಂ. ಕೆ.ಆರ್.ಎಸ್ ಮಾದರಿ ಇದೆ, 1955ರ ಭಾರತ ರತ್ನದ ನೆನಪೂ ಇದೆ, ಆದರೆ ನಾನು ಜಾಸ್ತಿ ಹೊತ್ತು ನಿಂತಿದ್ದು ಅವರ ಕನ್ನಡಕದ ಮುಂದೆ, ಆಮೇಲೆ ವಿಸಿಟಿಂಗ್ ಕಾರ್ಡ್ ಅಚ್ಚು ಹಾಕುತ್ತಿದ್ದ ಪುಟ್ಟ ಮರದ ಅಚ್ಚಿನ ಮುಂದೆ. ನೀರು ಏರಿದರೆ ತಾನೇ ತೆರೆಯುವ ಗೇಟನ್ನು 1903ರಲ್ಲೇ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ಕೂರಿಸಿದ ಮನುಷ್ಯ! ಅವರ ಸೀಮೆಯವರು ನಾವು ಇನ್ನೂ ಬೋರ್‌ವೆಲ್ ನಂಬಿಕೊಂಡಿದ್ದೀವಿ, ವಿಚಿತ್ರ ಅಲ್ವಾ? ಸಮಾಧಿಯೂ ಈ ಊರಲ್ಲೇ ಇದೆ. ಫೋಟೋ ಹಾಕಿದ್ದೀನಿ, ನೋಡಿ.